ವಿಭೂತಿ ಹಚ್ಚಿಸಿಕೊಂಡ ಮೀನು

ಮೊನ್ನೆ ಡಾಕ್ಟರು ನನ್ನ ಎರಡೂ ಮೊಣಕಾಲು ಮಡಿಸಿ ಬಿಚ್ಚಿ, ಅವು ಮಾಡಿದ ಸಪ್ಪಳವನ್ನು ತಲೆ ವಾಲಿಸಿ ಕೇಳಿ, ಒಂದು ಡಬ್ಬಿ ಗುಳಿಗೆ ಬರೆದುಕೊಟ್ಟರು. ಬಂಗಾರದ ಬಣ್ಣದ ಗುಳಿಗೆಗಳು. ಬೆಳಕಿಗೆ ಹಿಡಿದರೆ ಒಳಗಿನ ಎಣ್ಣೆ ಅಲುಗಾಡುವುದು ಕಾಣುತ್ತದೆ. ಸೊಸೆ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಗಾಬರಿಯಾದಳು. “ಮಾಮಾರ, ಇದು ಮೀನಿನ ಎಣ್ಣಿ ಐತ್ರಿ” ಎಂದಳು. ನಮ್ಮದು ಲಿಂಗವಂತರ ಮನೆ. ತತ್ತಿಯ ಸಿಪ್ಪೆ ಕೂಡ ಈ ಮನೆಯ ಹೊಸ್ತಿಲು ದಾಟಿ ಬಂದಿಲ್ಲ. “ಔಷಧಕ್ಕ ದೋಷ ಇಲ್ಲ ತಂಗಿ” ಎಂದು ಮಠದ ಅಯ್ಯನವರ ಗತ್ತಿನಲ್ಲಿ ಹೇಳಿ ಒಂದನ್ನು ನುಂಗಿ ನೀರು ಕುಡಿದೆ. ಆಕೆ ಸಮಾಧಾನದಿಂದ ಒಳಗೆ ಹೋದಳು. ಮಾವನ ಬಾಯಿಗೆ ಮೀನು ಹೊಸತಲ್ಲ ಎಂಬುದು ಪಾಪ, ಆ ಹುಡುಗಿಗೆ ಗೊತ್ತಿಲ್ಲ.

ಅರ್ಧ ಗಂಟೆಗೆ ಒಂದು ತೇಗು ಬಂತು. ಆ ತೇಗಿನ ಜೊತೆ ಪಂಚಗಂಗಾ ನದಿ, ಅದರ ದಂಡೆಯ ಹುಣಸೆ ಮರ, ಮರದ ಕೆಳಗೆ ಮೂರು ಕಲ್ಲಿನ ಒಲೆ, ಒಲೆಯ ಮುಂದೆ ಕೂತ ಕಾಶವ್ವ ಕಾಕು, ಎಲ್ಲರೂ ಬಂದರು. ನಗಬೇಡಿ. ನಿಮ್ಮ ವಯಸ್ಸಿಗೆ ನೆನಪು ತಲೆಯಿಂದ ಬರುತ್ತಿರಬಹುದು, ನನ್ನ ವಯಸ್ಸಿಗೆ ಅದು ಹೊಟ್ಟೆಯಿಂದಲೂ ಬರುತ್ತದೆ.

ಅರವತ್ತರ ಆಸುಪಾಸಿನ ಮಾತು. ನಮ್ಮ ಊರು ಗಡಹಿಂಗ್ಲಜ. ಅಪ್ಪನದು ಮೆಣಸಿನಕಾಯಿ ಅಡತಿ, ಎಂದರೆ ದಲಾಲಿ ಅಂಗಡಿ. ಸುಗ್ಗಿಯಲ್ಲಿ ನಮ್ಮ ಓಣಿಗೆ ಬಂದವರು ಮೊದಲು ಸೀನಿ, ಆಮೇಲೆ ಮಾತಾಡುತ್ತಿದ್ದರು. ಮನೆಯಲ್ಲಿ ಎಲ್ಲರ ಕಣ್ಣೂ ಯಾವಾಗಲೂ ಕೆಂಪಗಿರುತ್ತಿದ್ದುದರಿಂದ ಯಾರು ಅತ್ತಿದ್ದಾರೆ, ಯಾರು ಅತ್ತಿಲ್ಲ ಎಂದು ತಿಳಿಯುತ್ತಿರಲಿಲ್ಲ. ನಾನು ಒಬ್ಬನೇ ಮಗ, ಕೊಲ್ಲಾಪುರದಲ್ಲಿ ಕಾಲೇಜು ಕಲಿಯುತ್ತಿದ್ದೆ. ಕಲಿಯುತ್ತಿದ್ದೆ ಎನ್ನುವುದು ಅಪ್ಪನ ಮಾತು. ನಾನು ಅಲ್ಲಿ ಇದ್ದೆ, ಅಷ್ಟು ನಿಜ.

ಈಗಿನ ಮಂದಿ ಸೂಟಿ ಎಂದರೆ ವಿಮಾನ ಹತ್ತುತ್ತಾರೆ. ನಮ್ಮ ಸೂಟಿ ವರ್ಷಕ್ಕೆ ನಾಲ್ಕು ದಿನ. ದೀಪಾವಳಿ ಪಾಡ್ಯ ಮುಗಿದ ಮೇಲೆ ಪೇಟೆ ನಾಲ್ಕು ದಿನ ತೆರೆಯುತ್ತಿರಲಿಲ್ಲ. ಇಚಲಕರಂಜಿಯಲ್ಲಿ ಮಾಗಗಳೂ ಆಗಲೇ ನಿಲ್ಲುತ್ತಿದ್ದವು. ಅಲ್ಲಿ ಪವರ್‌ಲೂಮಿಗೆ ಮಾಗ ಎಂದೇ ಅನ್ನುವುದು. ವರ್ಷವಿಡೀ ಖಟಾಖಟಾ ಎನ್ನುವ ಊರು ಆ ನಾಲ್ಕು ದಿನ ಬಾಯಿ ಮುಚ್ಚಿಕೊಂಡಿರುತ್ತಿತ್ತು. ನಾವು ಮೂವರು ಯಸ್‌ಟಿ ಬಸ್ಸು ಹತ್ತಿ, ನಿಪ್ಪಾಣಿಯಲ್ಲಿ ಇಳಿದು ಇನ್ನೊಂದು ಹತ್ತಿ, ಹಾಸಿಗೆ ಸುರುಳಿ, ರೊಟ್ಟಿಯ ಗಂಟು, ಅವ್ವನ ಪೂಜೆಯ ಡಬ್ಬಿ, ಅಪ್ಪನ ಗಾಳದ ಕೋಲುಗಳ ಜೊತೆ ಇಚಲಕರಂಜಿಗೆ ಬಂದು ಇಳಿಯುತ್ತಿದ್ದೆವು. ಅಲ್ಲಿ ಯಮನಪ್ಪ ಕಾಕಾ ಚಕ್ಕಡಿ ಹೂಡಿಸಿಕೊಂಡು ಕಾಯುತ್ತಿದ್ದ.

ಯಮನಪ್ಪ ಕಾಕಾ ಅಪ್ಪನ ಗೆಳೆಯ. ಅಪ್ಪ ಹಾಗೆ ಅನ್ನುತ್ತಿದ್ದ. ಕಾಕಾ ಮಾತ್ರ ಅಪ್ಪನನ್ನು ಕೊನೆಯ ತನಕ “ಸಾವಕಾರ್ರ” ಎಂದೇ ಕರೆದ. ಅವನು ಬಾಗಲಕೋಟೆ ಕಡೆಯ, ಕೃಷ್ಣೆಯ ದಂಡೆಯ ಅಂಬಿಗರವನು. ಹರೆಯದಲ್ಲಿ ನಮ್ಮ ಅಂಗಡಿಯಲ್ಲಿ ಚೀಲ ಹೊಲಿಯುತ್ತಿದ್ದ. ಮೆಣಸಿನಕಾಯಿಯ ಘಾಟಿಗೆ ಕಣ್ಣು ಸೋತು ಇಚಲಕರಂಜಿಗೆ ಹೋಗಿ ಮಾಗ ಹಿಡಿದ. ಅವನ ಹೆಂಡತಿ ಕಾಶವ್ವ ಕಾಕು ಮನೆಯಲ್ಲೇ ರಾಟೆಯ ಮುಂದೆ ಕೂತು ಕಾಂಡಿ ಸುತ್ತುತ್ತಿದ್ದಳು. ಕಾಂಡಿ ಎಂದರೆ ಮಾಗದ ಲಾಳಿಯೊಳಗೆ ಕೂರಿಸುವ ನೂಲಿನ ಕಡ್ಡಿ. ಮಕ್ಕಳಿರಲಿಲ್ಲ. ಯಾವಾಗ ಹೋದರೂ ಆಕೆಯ ತಲೆಗೂದಲಲ್ಲಿ, ರೆಪ್ಪೆಯಲ್ಲಿ ಹತ್ತಿಯ ಎಳೆ ಅಂಟಿಕೊಂಡಿರುತ್ತಿದ್ದವು. ಮಾಗದ ಸಪ್ಪಳದಲ್ಲಿ ಬಾಳಿದವರಾದ್ದರಿಂದ ಗಂಡ ಹೆಂಡತಿ ಇಬ್ಬರೂ ಕೂಗಿ ಮಾತಾಡುತ್ತಿದ್ದರು. ಹೊಳೆಯ ದಂಡೆಗೆ ಬಂದ ಮೊದಲ ದಿನ ಉಪ್ಪು ಕೇಳುವುದಕ್ಕೂ ಕೂಗಾಟ. ಗಿಡದಲ್ಲಿನ ಹಕ್ಕಿಗಳು ಎದ್ದು ಹೋಗುತ್ತಿದ್ದವು. ಮೂರನೆಯ ದಿನದ ಹೊತ್ತಿಗೆ ಅವರ ದನಿ ನಮ್ಮ ದನಿಯ ಮಟ್ಟಕ್ಕೆ ಇಳಿಯುತ್ತಿತ್ತು, ನಾಲ್ಕನೆಯ ದಿನ ಹೊರಡುವ ಹೊತ್ತು ಬಂದಿರುತ್ತಿತ್ತು.

ಪಂಚಗಂಗೆಯ ದಂಡೆಯಲ್ಲಿ ಒಬ್ಬ ಮರಾಠಾ ರೈತನ ತೋಟವಿತ್ತು. ಕಬ್ಬಿನ ಗದ್ದೆ ಮುಗಿದು ಹೊಳೆ ಶುರುವಾಗುವಲ್ಲಿ ಒಂದು ದೊಡ್ಡ ಹುಣಸೆ ಮರ, ಪಕ್ಕದಲ್ಲಿ ಅವನ ಖಾಲಿ ಛಪ್ಪರ. ನಮ್ಮ ಬಿಡಾರ ಅಲ್ಲಿ. ಛಪ್ಪರದ ಮುಂದೆ ಅವ್ವನ ಒಲೆ, ಹುಣಸೆ ಮರದ ಆಚೆ ಕಾಶವ್ವ ಕಾಕುವಿನ ಒಲೆ. ಜಾತಿ ಎನ್ನುವುದು ಸೂಟಿ ತೆಗೆದುಕೊಳ್ಳುತ್ತಿರಲಿಲ್ಲ ನೋಡಿ. ಆ ಒಲೆಯ ಅಡಿಗೆ ಅವ್ವ ಮುಟ್ಟುತ್ತಿರಲಿಲ್ಲ. ಅಪ್ಪನೂ ನಾನೂ ಆ ಕಡೆ ಹೋಗಿ ಬಾಯಿ ಒರೆಸಿಕೊಂಡು ಬಂದರೆ, ಅವ್ವ ಆ ಹೊತ್ತಿಗೆ ಸರಿಯಾಗಿ ಹೊಳೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು.

ಅಪ್ಪನ ಗಾಳದ ಕಥೆ ನಿಮಗೆ ಹೇಳಲೇಬೇಕು. ಗಡಹಿಂಗ್ಲಜದಲ್ಲಿದ್ದಾಗ ಯಮನಪ್ಪ ಕಾಕಾ ಮಧ್ಯಾಹ್ನದ ಹೊತ್ತು ಹಿರಣ್ಯಕೇಶಿಯ ಮಡುವಿಗೆ ಹೋಗಿ ಗಾಳ ಹಾಕುತ್ತಿದ್ದನಂತೆ. ಒಮ್ಮೆ ಅವನನ್ನು ಬಯ್ಯಲು ಹೋದ ಅಪ್ಪ ಪಕ್ಕದಲ್ಲಿ ಕೂತವನು ಸಂಜೆಯ ತನಕ ಏಳಲಿಲ್ಲ. ಅಂದಿನಿಂದ ಹತ್ತಿದ ಚಟ. ಲಿಂಗವಂತರ ಅಡತಿ ಸಾವಕಾರ ಮೀನು ಹಿಡಿಯುತ್ತಾನೆ ಎಂದರೆ ಪೇಟೆಯಲ್ಲಿ ಮುಖ ಎತ್ತುವಂತಿರಲಿಲ್ಲ. ಅದಕ್ಕೇ ಊರು ಬಿಟ್ಟು, ಯಾರಿಗೂ ಗುರುತಿಲ್ಲದ ಈ ದಂಡೆಗೆ ಬರುವುದು. ಅವ್ವ ಮೊದಲು ಎರಡು ದಿನ ಉಪವಾಸ ಕೂತಳಂತೆ. ಆಮೇಲೆ ಒಂದು ಒಪ್ಪಂದವಾಯಿತು. ಹುಳ ಚುಚ್ಚುವಂತಿಲ್ಲ. ಗಾಳಕ್ಕೆ ಸಿಕ್ಕಿಸುವ ತುತ್ತನ್ನು ಅವ್ವನೇ ಮಾಡಿಕೊಡುತ್ತಿದ್ದಳು, ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ ಕಲಸಿ, ಚಿಟಿಕೆ ಇಂಗು ಹಾಕಿ ನಾದಿದ ಉಂಡೆ. ಹಿಡಿದ ಮೀನನ್ನು ದಂಡೆಗೆ ಒಯ್ಯುವಂತಿಲ್ಲ. ನೀರಲ್ಲೇ ತಿರುಗಿ ಬಿಡಬೇಕು. ಬಿಡುವ ಮೊದಲು, ಆ ಜೀವಕ್ಕೆ ನೋವು ಕೊಟ್ಟದ್ದಕ್ಕೆ, ಅದರ ಹಣೆಗೆ ವಿಭೂತಿ ಹಚ್ಚಬೇಕು.

ಮೀನಿನ ಹಣೆ ಯಾವುದು ಎಂದು ನಮ್ಮಲ್ಲಿ ಒಬ್ಬರಿಗೂ ಖಾತ್ರಿಯಿರಲಿಲ್ಲ. ಕಣ್ಣುಗಳ ನಡುವೆ ಎಂದು ಅಪ್ಪ. ಕಣ್ಣುಗಳ ಮೇಲೆ ಎಂದು ಅವ್ವ. ಹುಪರಿಯಲ್ಲಿ ಮಾಡಿಸಿದ ಬೆಳ್ಳಿಯ ಪುಟ್ಟ ಡಬ್ಬಿಯಿಂದ ಚಿಟಿಕೆ ವಿಭೂತಿ ತೆಗೆದು, ಜಾರುವ ಮೀನನ್ನು ಅಪ್ಪ ಎರಡೂ ಕೈಯಲ್ಲಿ ಹಿಡಿದಿರಲು, ಅವ್ವ ಮೂರು ಬೆರಳು ಎಳೆಯುತ್ತಿದ್ದಳು. ಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. “ನೋಡು, ಮಂತ್ರಾ ಅನ್ನಾಕತ್ತೈತಿ” ಎಂದು ಅಪ್ಪ ನಗುತ್ತಿದ್ದ. ನೀರಿಗೆ ಬಿಟ್ಟರೆ ಬೂದಿ ತೊಳೆದು ಹೋಗಿ ಅದು ಮತ್ತೆ ಬರೀ ಮೀನಾಗಿ ಈಜಿ ಹೋಗುತ್ತಿತ್ತು.

ತೋಟದ ರೈತ ಒಂದು ಸಲ ಇದನ್ನು ನೋಡಿ ಕೆರ ಬಿಟ್ಟು ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತ. “ಶೇಟ್, ಖಾಯಚಾ ನಾಹೀ ತರ್ ಧರ್ತಾ ಕಶಾಲಾ?” ಎಂದು ಕೇಳಿದ. ತಿನ್ನುವುದಿಲ್ಲ ಎಂದರೆ ಹಿಡಿಯುತ್ತೀರಿ ಏತಕ್ಕೆ. ಅಪ್ಪ ಮೆಣಸಿನಕಾಯಿಯ ದರದ ಬಗ್ಗೆ ಮಾತು ತೆಗೆದ.

ನಾವು ಯಾರೂ ಎಂದೂ ಕೇಳಿಕೊಳ್ಳದ ಇನ್ನೊಂದು ಪ್ರಶ್ನೆ ಇತ್ತು. ನಾವು ತಿನ್ನುವುದಿಲ್ಲ, ಸರಿ. ಯಮನಪ್ಪ ಕಾಕಾ, ಕಾಶವ್ವ ಕಾಕು ತಿನ್ನುತ್ತಾರಲ್ಲ? ಅವರ ಹುಟ್ಟೇ ಹೊಳೆಯ ದಂಡೆ. ವರ್ಷವಿಡೀ ಮಾಗದ ಮುಂದೆ ನಿಂತು, ಹತ್ತಿಯ ಧೂಳು ಕುಡಿದು, ನಾಲ್ಕು ದಿನ ಹೊಳೆಗೆ ಬಂದಾಗ ಅವರಿಗೆ ಏನು ಬೇಕಾಗಿರಬಹುದು? ನಮ್ಮ ಎದುರಿಗೆ ಮೀನು ಬೇಯಿಸುವುದು ಸರಿಯಲ್ಲ ಎಂದು ಅವರು ತಾವಾಗಿಯೇ ಬಿಟ್ಟಿದ್ದರು. ನಾವು ಅದನ್ನು ಅವರು ಬಿಟ್ಟದ್ದೆಂದು ಗಮನಿಸಲೂ ಇಲ್ಲ. ಅಪ್ಪ ಮೀನು ಎತ್ತಿದಾಗಲೆಲ್ಲ ಕಾಶವ್ವ ಕಾಕು ದಂಡೆಗೆ ಬಂದು ನಿಂತು ನೋಡುತ್ತಿದ್ದಳು. ಆಕೆಗೆ ಈ ಆಟ ಭಾಳ ಸೇರುತ್ತದೆ ಎಂದು ಅವ್ವ ಹೇಳುತ್ತಿದ್ದಳು.

ದೋಣಿ ವಿಹಾರವೂ ಇರುತ್ತಿತ್ತು. ಆ ದಂಡೆಯ ಮೀನುಗಾರನೊಬ್ಬನ ದೋಣಿಯನ್ನು ಕಾಕಾ ನಾಲ್ಕು ದಿನಕ್ಕೆ ಕೇಳಿ ತರುತ್ತಿದ್ದ. ಅವ್ವ ದೋಣಿಯ ನಡುಮಧ್ಯೆ ಕೂತು ಒಂದು ಕೈಯಲ್ಲಿ ಎದೆಯ ಮೇಲಿನ ಲಿಂಗದ ಕರಡಿಗೆ, ಇನ್ನೊಂದು ಕೈಯಲ್ಲಿ ಹಲಗೆ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದಳು. ಆಚೆ ದಂಡೆ ಮುಟ್ಟಿದಾಗ, “ಭಾಳ ಚಂದ ಇತ್ತು” ಎನ್ನುತ್ತಿದ್ದಳು. ಕಾಕಾ ಬಿದಿರಿನ ಜಲ್ಲೆ ಊರಿ ದೋಣಿ ತಳ್ಳುವಾಗ ಅವನ ಬೆನ್ನು ನೋಡಬೇಕಿತ್ತು. ಮಾಗದ ಮುಂದೆ ಬಾಗಿದ್ದ ಮನುಷ್ಯ ಅವನೇ ಎಂದು ನಂಬುವುದು ಕಷ್ಟವಾಗುತ್ತಿತ್ತು.

ಈಗ ನನ್ನ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಾಡಿದ್ದು ಅದನ್ನು ಹೇಳಬೇಕಾಗುತ್ತದಲ್ಲ ಎಂಬ ಸಂಕೋಚಕ್ಕೆ. ಕೊಲ್ಲಾಪುರದಲ್ಲಿ ನನ್ನ ಕೋಣೆಯ ಗೆಳೆಯ ಒಬ್ಬ ಮರಾಠಾ ಹುಡುಗ. ಅವನು ಮೊದಲ ವರ್ಷವೇ ನನ್ನನ್ನು ರಂಕಾಳದ ಕಡೆಯ ಒಂದು ಖಾನಾವಳಿಗೆ ಕರೆದುಕೊಂಡು ಹೋದ. ಮೊದಲು ಬರೀ ಸಾರು, ಆಮೇಲೆ ಸಾರಿನಲ್ಲಿದ್ದದ್ದು. ಎರಡನೆಯ ವರ್ಷಕ್ಕೆ ಮುಳ್ಳು ಬಿಡಿಸುವುದರಲ್ಲಿ ನಾನು ಅವನಿಗಿಂತ ಚುರುಕಾಗಿದ್ದೆ. ಹೋಗುವ ಮುಂಚೆ ಕೊರಳಲ್ಲಿನ ಲಿಂಗವನ್ನು ತೆಗೆದು ಕೋಣೆಯ ಗೂಟಕ್ಕೆ ಹಾಕುತ್ತಿದ್ದೆ. ಬಂದ ಮೇಲೆ ಬಾಯಿ ತೊಳೆದು, ಕ್ಷಮಿಸಪ್ಪಾ ಎಂದು ಮತ್ತೆ ಹಾಕಿಕೊಳ್ಳುತ್ತಿದ್ದೆ. ನಾನು ಖಾನಾವಳಿಗೆ ಹೋದ ಗಂಟೆಗಳಲ್ಲಿ ಶಿವ ಗೂಟಕ್ಕೆ ನೇತಾಡುತ್ತಿದ್ದ. ಇದು ಅವ್ವನಿಗೆ ತಿಳಿದರೆ ಆಕೆ ಸಾಯುತ್ತಾಳೆ ಎಂದು ನಾನು ಪೂರ್ತಿ ನಂಬಿದ್ದೆ. ಆ ಅಂಜಿಕೆಯಲ್ಲಿ ಊರಿಗೆ ಬಂದಾಗಲೆಲ್ಲ ಬೇಕಾದ್ದಕ್ಕಿಂತ ದಪ್ಪಗೆ ವಿಭೂತಿ ಬಳಿದುಕೊಂಡು ಓಡಾಡುತ್ತಿದ್ದೆ.

ಆ ಎರಡನೆಯ ವರ್ಷದ ದೀಪಾವಳಿಗೂ ಕಾಶವ್ವ ಕಾಕು ಹೊಳೆಗೆ ಬಂದಳು, ಆದರೆ ಮೊದಲ ದಿನವೇ ಆಕೆಯ ದನಿ ಇಳಿದಿತ್ತು. ಮಾತಿಗೊಮ್ಮೆ ಕೆಮ್ಮು. ಬಳೆಗಳು ಮೊಣಕೈಯ ತನಕ ಸರಿಯುತ್ತಿದ್ದವು. “ಏನವಾ ಕಾಶವ್ವ, ಇಷ್ಟ್ಯಾಕ ಸೊರಗಿ?” ಎಂದು ಅವ್ವ ಕೇಳಿದ್ದಕ್ಕೆ, “ಮಾಗದ ಧೂಳ್ರಿ ಅಕ್ಕಾರ, ಹೊಳಿ ಗಾಳಿ ಹಾಯ್ದ್ರ ಹೋಗ್ತೈತಿ” ಎಂದಳು. ಅವ್ವ ತುಪ್ಪದ ಗಿಂಡಿಯನ್ನೇ ಆಕೆಯ ಮುಂದೆ ಇಟ್ಟಳು. ಎರಡು ದಿನವೂ ಆಕೆ ಹೆಚ್ಚುಕಡಿಮೆ ಏನೂ ತಿನ್ನಲಿಲ್ಲ. ಹುಣಸೆ ಮರಕ್ಕೆ ಆನಿಕೊಂಡು ಕೂತು ನೀರು ನೋಡುತ್ತಿದ್ದಳು.

ಮೂರನೆಯ ದಿನ ಮುಂಜಾನೆ ಅಪ್ಪ ದಂಡೆಯ ಕಲ್ಲಿನ ಮೇಲೆ ಕೂತು ಗಾಳ ಹಾಕಿದ್ದ. ಕಾಕಾ ನನ್ನನ್ನು ದೋಣಿಗೆ ಕರೆದ. ನಡುಹೊಳೆ ದಾಟಿ, ಆಚೆ ಜೊಂಡು ಬೆಳೆದ ಒಂದು ಮೂಲೆಯಲ್ಲಿ ದೋಣಿ ನಿಲ್ಲಿಸಿ, ಮಡಿಲಿನಿಂದ ಒಂದು ಒದ್ದೆ ಅರಿವೆಯ ಗಂಟು ತೆಗೆದ. ಒಳಗೆ ಬೆರಳಿನಷ್ಟು ದೊಡ್ಡ ಕಪ್ಪೆ. ಜೀವಂತ ಇತ್ತು.

“ಕಾಕಾ, ಅವ್ವ ಕೊಟ್ಟ ಉಂಡಿ?” ಎಂದೆ.

“ಉಂಡಿಗೆ ಮರಳ ಬೀಳೂದಿಲ್ಲ ತಮ್ಮಾ” ಎಂದ. ಮರಳ ಎಂದರೆ ಕರಿಬೆನ್ನಿನ, ಹಾವಿನ ತಲೆಯಂಥ ತಲೆಯ ಮೀನು. ಜಡ್ಡಿನಿಂದ ಎದ್ದವರಿಗೆ, ಬಾಣಂತಿಯರಿಗೆ ಆ ಕಡೆ ಅದರ ಸಾರು ಕೊಡುತ್ತಾರೆ. ಕಾಕಾ ನನ್ನ ಮುಖ ನೋಡದೆ ಗಾಳ ಸರಿಮಾಡುತ್ತ ಹೇಳಿದ. “ಎರಡು ತಿಂಗಳಾತು, ಏನ್ ಕೊಟ್ರೂ ಬ್ಯಾಡ ಅಂತಾಳ. ಇವತ್ತ ಮುಂಜಾನೆ ಎದ್ದಾಕಿನ, ತಾನಾಗೇ ಬಾಯಿಬಿಟ್ಟು ಕೇಳ್ಯಾಳ. ನಮ್ಮೂರಾಗ ನಮ್ಮವ್ವ ಮಾಡ್ತಿದ್ಲಲ್ಲ, ಹಂಗ ಮರಳದ ಸಾರು ಉಣಬೇಕು ಅನಸೇತಿ ಅಂದ್ಲು. ಸಾವಕಾರ್ರಿಗೆ, ಅಕ್ಕಾರಿಗೆ ಗೊತ್ತಾಗೂದು ಬ್ಯಾಡ. ನೀ ಹೇಳೂದಿಲ್ಲಲ್ಲಾ?”

“ಹೇಳೂದಿಲ್ಲ ಕಾಕಾ” ಎಂದೆ. ನಮ್ಮ ಮನೆಯಲ್ಲಿ ಮೀನಿನ ಸಾರಿನ ರುಚಿ ಗೊತ್ತಿದ್ದವನು ನಾನೊಬ್ಬನೇ. ಕಾಕು ಏನು ಕೇಳುತ್ತಿದ್ದಾಳೆ ಎಂಬುದು ನನಗೆ ಅರ್ಥವಾದಷ್ಟು ಅಪ್ಪನಿಗಾಗಲಿ ಅವ್ವನಿಗಾಗಲಿ ಆಗುತ್ತಿರಲಿಲ್ಲ.

ಎರಡು ತಾಸು ಕಾದೆವು. ಬಿಸಿಲು ಏರಿತು. ಕಾಕಾ ಬೀಡಿ ಕೂಡ ಹಚ್ಚಲಿಲ್ಲ. ಕೊನೆಗೆ ದಾರ ಒಮ್ಮೆಲೇ ಬಿಗಿದು ಜೊಂಡಿನೊಳಗೆ ಓಡಿತು. ಅವನು ನನ್ನ ಕೈಗೂ ದಾರ ಕೊಟ್ಟ. ಇಬ್ಬರೂ ಎಳೆದೆವು. ಮೊಳಕ್ಕಿಂತ ಉದ್ದದ ಮರಳ, ದೋಣಿಯೊಳಗೆ ಬಿದ್ದು ಹಲಗೆಗೆ ಬಾಲ ಬಡಿಯಿತು. ಯಮನಪ್ಪ ಕಾಕಾ ಅಷ್ಟು ನಕ್ಕದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಒದ್ದೆ ಗೋಣಿಚೀಲದಲ್ಲಿ ಅದನ್ನು ಸುತ್ತಿ ದೋಣಿಯ ಮೂಲೆಗೆ ಇಟ್ಟ. ಅಪ್ಪ ಕೂತ ಜಾಗಕ್ಕೆ ಹೋಗದೆ, ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇಳಿದು, ಹುಣಸೆ ಮರದ ಹಿಂದಿನಿಂದ ಕಾಕುವಿಗೆ ಮುಟ್ಟಿಸುವುದು ಎಂದು ಮಾತಾಯಿತು.

ದೂರದಿಂದಲೇ ಕಾಕು ಕಂಡಳು. ಒಲೆ ಹೊತ್ತಿಸಿದ್ದಳು. ಒರಳುಕಲ್ಲಿನ ಮುಂದೆ ಕೂತು ಕೊಬ್ಬರಿ, ಬಳ್ಳೊಳ್ಳಿ ಅರೆಯುತ್ತಿದ್ದಳು. ಎರಡು ದಿನ ಮರಕ್ಕೆ ಆನಿ ಕೂತವಳು ಎದ್ದು ಅರೆಯುತ್ತಿದ್ದಾಳೆ. “ನೋಡಿದೇನು?” ಎಂದು ಕಾಕಾ ಮೆಲ್ಲಗೆ ಅಂದ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವ್ವ ಕೂತಿದ್ದಳು.

ಅವಳು ಪಾತ್ರೆ ಬೆಳಗಲು ಅಲ್ಲಿಗೆ ಬಂದಿದ್ದಳು. ನಮ್ಮನ್ನು ನೋಡಿ ಕೈ ತೊಳೆದು ಎದ್ದು, ದೋಣಿಯ ಅಂಚು ಹಿಡಿದಳು. ಅದೇ ಹೊತ್ತಿಗೆ ಚೀಲ ಅಲುಗಾಡಿತು. ಒಳಗಿನ ಜೀವ ಇನ್ನೊಮ್ಮೆ ಬಾಲ ಬಡಿಯಿತು.

“ಅದ್ರಾಗ ಏನೈತೋ ಬಾಳೂ?” ಎಂದಳು ಅವ್ವ. ನನ್ನ ಹೆಸರು ಬಾಳಪ್ಪ. “ಚೀಲದಾಗ ಯಾಕ ಮುಚ್ಚಿಟ್ಟೀರಿ?”

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆಕೆಗೆ ಅನುಮಾನ ಬಂತು ಎಂದುಕೊಂಡೆ. ಮೀನನ್ನು ಮುಚ್ಚಿ ತರುವವನು ಮೀನು ತಿನ್ನುವವನೇ ಇರಬೇಕು ಎಂದು ಆಕೆ ತಿಳಿದಳು, ಇನ್ನು ಕೊಲ್ಲಾಪುರದ ಖಾನಾವಳಿ, ಗೂಟಕ್ಕೆ ಹಾಕಿದ ಲಿಂಗ ಎಲ್ಲ ಒಂದೊಂದಾಗಿ ಹೊರಗೆ ಬರುತ್ತವೆ ಎಂದು ಅಂಜಿದೆ. ಕಾಕಾ ಬಾಯಿ ತೆರೆಯುವುದರಲ್ಲಿದ್ದ. ಏನು ಹೇಳುತ್ತಿದ್ದನೋ ತಿಳಿಯದು. ನಾನು ಅವನಿಗಿಂತ ಮೊದಲು ಮಾತಾಡಿದೆ.

“ಬಿಡಾಕ ತಂದೀವಿ ಅವ್ವಾ. ದೊಡ್ಡದು ಬಿತ್ತು. ನಿನ್ನ ಕೈಲೆ ವಿಭೂತಿ ಹಚ್ಚಿಸಿ ಬಿಡಬೇಕು ಅಂತ, ಸಾಯಬಾರ್ದು ಅಂತ ಒದ್ದಿ ಚೀಲದಾಗ ಇಟ್ಟಿದ್ವಿ.”

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಕಾಲೇಜಿನಲ್ಲಿ ಒಂದು ಪ್ರಶ್ನೆಗೂ ನಾನು ಅಷ್ಟು ಬೇಗ ಉತ್ತರ ಕೊಟ್ಟವನಲ್ಲ. ಅವ್ವನ ಮುಖ ಅರಳಿತು. ಸೊಂಟದಿಂದ ಬೆಳ್ಳಿಯ ಡಬ್ಬಿ ತೆಗೆದಳು. ನಾನೇ ಚೀಲ ಬಿಚ್ಚಿ, ಆ ಮರಳವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಅವ್ವ ಅದರ ತಲೆಯ ಮೇಲೆ ಮೂರು ಬೆರಳು ಎಳೆದಳು. ಇಷ್ಟು ದೊಡ್ಡ ಹಣೆಯ ಮೀನು ನಮಗೆ ಎಂದೂ ಸಿಕ್ಕಿರಲಿಲ್ಲ.

ನಾನು ಕಾಕಾನ ಕಡೆ ನೋಡಿದೆ. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಕುವಿಗೆ ಬೇಕಂತೆ ಅವ್ವಾ ಎನ್ನಲು ಎಷ್ಟು ಹೊತ್ತು ಬೇಕು? ಕಾಕಾ ಜಲ್ಲೆಯನ್ನು ಕೈಯಿಂದ ಕೈಗೆ ಬದಲಾಯಿಸಿದ. “ಬಿಡು ತಮ್ಮಾ” ಎಂದ. “ಅಕ್ಕಾರು ವಿಭೂತಿ ಹಚ್ಯಾರ. ಇನ್ನ ಬಿಡು.”

ಬಿಟ್ಟೆ. ಅದು ನನ್ನ ಕೈಯಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು, ಬದುಕಿದೆಯೋ ಸತ್ತಿದೆಯೋ ತಿಳಿಯದ ಹಾಗೆ. ಸಾಯಲಿ ಎಂದು ನಾನು ಬೇಡಿಕೊಂಡದ್ದು ನಿಜ. ಸತ್ತರೆ ಯಾರಾದರೂ ಬೇಯಿಸಬಹುದು ಎಂದು. ಆಮೇಲೆ ಒಮ್ಮೆಲೇ ಮೈ ಹೊಳ್ಳಿಸಿ ಆಳಕ್ಕೆ ಹೋಯಿತು.

ತಲೆ ಎತ್ತಿದರೆ ಕಾಶವ್ವ ಕಾಕು ದಂಡೆಯ ಮೇಲೆ ನಿಂತಿದ್ದಳು. ಕೈಗೆ ಅರೆದ ಮಸಾಲೆ ಹತ್ತಿತ್ತು. ನನ್ನನ್ನು ನೋಡಿ ನಕ್ಕಳು. “ಛಲೋ ಆತು ಬಿಡಪ್ಪಾ” ಎಂದಳು. “ಅದಕ್ಕೂ ಮರಿ ಇರ್ತಾವ.” ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ಹೋದಳು.

ಆ ಮಸಾಲೆಯನ್ನು ಆಕೆ ಕೆಡಿಸಲಿಲ್ಲ. ಬದನೆಕಾಯಿ ಹೆಚ್ಚಿ ಹಾಕಿದಳು. ಅಪ್ಪನೂ ನಾನೂ ಎಂದಿನಂತೆ ಆ ಒಲೆಯ ಕಡೆ ಹೋದೆವು. ಅಪ್ಪ ಒಂದು ತುತ್ತು ಬಾಯಿಗಿಟ್ಟು, “ಇಂಥಾ ಬದನಿಕಾಯಿ ಪಲ್ಯ ನಾ ಜಲ್ಮದಾಗ ಉಂಡಿಲ್ಲ ಬಿಡು ಕಾಶವ್ವ” ಎಂದು ಇನ್ನೊಮ್ಮೆ ಹಾಕಿಸಿಕೊಂಡ. ಆಕೆ ಬಡಿಸಿದಳು. ತಾನು ತಾಟಿನಲ್ಲಿ ಹಾಕಿಕೊಂಡದ್ದನ್ನು ಬೆರಳಲ್ಲಿ ಆಡಿಸಿ, ಸಂಜೆ ನಾಯಿಗೆ ಹಾಕಿದ್ದನ್ನು ನಾನು ನೋಡಿದೆ.

ಮರುದಿನ ಬೆಳಕು ಹರಿಯುವ ಮೊದಲೇ ನಾನೇ ಕಾಕಾನನ್ನು ಎಬ್ಬಿಸಿ ದೋಣಿಗೆ ಕರೆದೆ. ಕಪ್ಪೆಯನ್ನೂ ನಾನೇ ಹುಡುಕಿದ್ದೆ. ಮಧ್ಯಾಹ್ನದ ತನಕ ಒಂದು ಮರಳವೂ ಮೂಸಲಿಲ್ಲ. “ಇರ್ಲಿ ಬಿಡು ತಮ್ಮಾ” ಎಂದ ಕಾಕಾ. “ಸಿಕ್ಕ್ರೂ ಏನ್ ಮಾಡೂದು? ಇವತ್ತ ಕೇಳಿದ್ರ ಬ್ಯಾಡ ಅಂದಾಳ. ನಿನ್ನಿ ಒಂದಿನ ಬಾಯಿಗೆ ರುಚಿ ಬಂದಿತ್ತು, ಅಷ್ಟ.” ಸಂಜೆ ನಾವು ಬಸ್ಸು ಹತ್ತಿದೆವು. ಕಾಕು ಚಕ್ಕಡಿಯಿಂದ ಇಳಿಯಲಿಲ್ಲ, ಕೂತಲ್ಲಿಂದಲೇ ಅವ್ವನ ಕೈ ಹಿಡಿದುಕೊಂಡಳು.

ಸಂಕ್ರಾಂತಿಗೆ ಮೊದಲು ಆಕೆ ತೀರಿಕೊಂಡ ಸುದ್ದಿ ಬಂತು. ಅಪ್ಪ ಊರಿನಿಂದ ಇಚಲಕರಂಜಿಗೆ ಹೋಗಿ ಕಾಕಾನನ್ನು ಮಾತಾಡಿಸಿ ಬಂದಿದ್ದ. ನಾನು ಕೊಲ್ಲಾಪುರದಿಂದ ಹೋಗುವ ಹೊತ್ತಿಗೆ ಒಂದು ವಾರವಾಗಿತ್ತು. ಕಾಕಾ ಮನೆಯಲ್ಲಿರಲಿಲ್ಲ, ಮಾಗದ ಮೇಲಿದ್ದ. ಆ ಶೆಡ್ಡಿನಲ್ಲಿ ಇಪ್ಪತ್ತು ಮಾಗ ಒಟ್ಟಿಗೆ ಬಡಿಯುತ್ತಿದ್ದವು. ದುಃಖದ ಮಾತನ್ನೂ ಅಲ್ಲಿ ಕೂಗಿಯೇ ಹೇಳಬೇಕು.

“ಮನ್ಯಾಗ ಕುಂತ್ರ ಆಕಿ ಕೆಮ್ಮು ಕೇಳಿಸ್ತೈತಿ ತಮ್ಮಾ” ಎಂದು ಕಾಕಾ ನನ್ನ ಕಿವಿಗೆ ಕೂಗಿದ. “ಇಲ್ಲಿ ಕೇಳ್ಸೂದಿಲ್ಲ. ಅದಕ್ಕ ಬಂದೇನಿ.” ಲಾಳಿ ತೆಗೆದು ಕಾಂಡಿ ಬದಲಿಸಿದ. ಅದನ್ನು ಸುತ್ತಿದವರು ಈಗ ಬೇರೆ ಯಾರೋ. ಆಮೇಲೆ ನಾನು ಕೇಳದಿದ್ದರೂ ಕೂಗಿದ. “ಊರಿಗೆ ಬಂದಮ್ಯಾಲ ಸಂತ್ಯಾಗ ಹುಡುಕಿ ಒಂದ್ ಮರಳ ತಂದಿದ್ನಿ. ಮಾಡಿ ಮುಂದ ಇಟ್ರ ಮಾರಿ ಗ್ವಾಡಿ ಕಡೆ ಹೊಳ್ಳಿಸಿದ್ಲು. ಹೊಳಿದಂಡ್ಯಾಗ ಉಣಬೇಕನಿಸಿತ್ತು, ಇಲ್ಲಿ ವಾಸನಿ ಆಗೂದಿಲ್ಲ ಅಂದ್ಲು.”

“ಕಾಕಾ, ಅವತ್ತ ನಾನು ಸುಳ್ಳು ಹೇಳಿದ್ದು...” ಎಂದೆ.

ಅವನು ಕಿವಿಗೆ ಕೈ ಹಿಡಿದು ಬಾಗಿದ. “ಏನಂದಿ?”

“ಏನಿಲ್ಲ ಕಾಕಾ” ಎಂದೆ. ಅದನ್ನು ಮಾತ್ರ ಜೋರಾಗಿಯೇ ಕೂಗಿದೆ.

ಆಮೇಲೆ ನನ್ನ ಬಾಯಿಗೂ ಮೀನು ಸೇರಲಿಲ್ಲ ಎಂದು ಬರೆದರೆ ಈ ಬರಹ ಚೆನ್ನಾಗಿ ಕಾಣುತ್ತದೆ. ಸೇರಿತು. ಒಂದು ತಿಂಗಳು ಖಾನಾವಳಿಯ ದಾರಿ ಬಿಟ್ಟು ಸುತ್ತಿಕೊಂಡು ಹೋದೆ, ಮುಂದಿನ ತಿಂಗಳು ಗೆಳೆಯ ಕರೆದ, ಹೋದೆ. ಸಾರು ಮುಂದಿಟ್ಟಾಗ ಮೊದಲ ತುತ್ತಿಗೆ ಮಾತ್ರ ಕಾಕುವಿನ ಮುಖ ಬರುತ್ತಿತ್ತು. ಎರಡನೆಯ ತುತ್ತಿಗೆ ಹೋಗುತ್ತಿತ್ತು. ನನ್ನ ಬಗ್ಗೆ ನನಗೆ ಹೇಸಿಕೆಯಾಗುವುದು ಆ ಎರಡನೆಯ ತುತ್ತಿಗೆ.

ಮುಂದಿನ ದೀಪಾವಳಿಗೆ ಯಮನಪ್ಪ ಕಾಕಾ ಒಬ್ಬನೇ ಹೊಳೆಗೆ ಬಂದ. ಬರುವುದಿಲ್ಲ ಎಂದಿದ್ದನಂತೆ, ಅಪ್ಪ ಬಿಡಲಿಲ್ಲ. ಹುಣಸೆ ಮರದ ಆಚೆ ಒಲೆ ಇರಲಿಲ್ಲ. ಅವ್ವನೇ ಅವನಿಗೂ ಮಾಡಿ ಬಡಿಸಿದಳು. ದೋಣಿ ನಡೆಸಿದ, ಅಪ್ಪನ ಗಾಳಕ್ಕೆ ಉಂಡೆ ಸಿಕ್ಕಿಸಿಕೊಟ್ಟ, ಸಿಕ್ಕ ಮೀನು ಹಿಡಿದು ನಿಂತು ವಿಭೂತಿ ಹಚ್ಚಿಸಿದ. ತಾನು ಗಾಳ ಮುಟ್ಟಲಿಲ್ಲ. ಮಾತಿನ ನಡುವೆ, ಮೀನು ತಿನ್ನುವುದನ್ನು ಬಿಟ್ಟೆ ಎಂದ. ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ, “ಹಂಗ ಸಾವಕಾರ್ರ, ಬ್ಯಾಡನಿಸ್ತು” ಎಂದು ಎದ್ದು ಹೋಗಿ ದೋಣಿಯ ನೀರು ಬಳಿಯತೊಡಗಿದ.

ಅಪ್ಪನಿಗೆ ಇದು ಹಿಡಿಸಲಾರದಷ್ಟು ಸಂತೋಷವಾಯಿತು. ಊರಿಗೆ ಬಂದ ಸಂಜೆಯೇ ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಮಂದಿಯನ್ನು ಕೂರಿಸಿಕೊಂಡು ಶುರು ಮಾಡಿದ. “ಅಂಬಿಗರಾಂವ ನೋಡ್ರಿ, ಹುಟ್ಟಿದಾಗಿಂದ ತಿಂದಾಂವ. ಇಪ್ಪತ್ತು ವರ್ಷ ನಮ್ಮ ಸಂಗ ಮಾಡ್ಯಾನ. ಹೇಳಿದ್ವೇನು, ಕೇಳಿದ್ವೇನು? ತಾನಾಗೇ ಬಿಟ್ಟ. ಸಂಗದ ಗುಣರೀ ಅದು.” ಹೌದ್ರಿ, ಹೌದ್ರಿ ಎಂದು ನಾಲ್ವರೂ ತಲೆಯಾಡಿಸುತ್ತಿದ್ದರು.

ನಾನು ಒಳಗೆ ಅಡಿಗೆಮನೆಯಲ್ಲಿ ತಾಟಿನ ಮುಂದೆ ಕೂತಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪನ ದನಿ ಅಲ್ಲಿಯ ತನಕ ಕೇಳುತ್ತಿತ್ತು. ಕೇಳಲಾರದೆ ಬಾಯಿಬಿಟ್ಟೆ.

“ಅವ್ವಾ, ಕಾಕಾ ನಮ್ಮ ಸಂಗದಿಂದ ಬಿಟ್ಟಿಲ್ಲ.”

ಕಪ್ಪೆ, ಜೊಂಡು, ಎರಡು ತಾಸು ಕಾದದ್ದು, ಕಾಕು ಮರಳದ ಸಾರು ಕೇಳಿದ್ದು, ಒರಳುಕಲ್ಲಿನ ಮುಂದೆ ಕೂತು ಮಸಾಲೆ ಅರೆದದ್ದು, ಚೀಲ, ನನ್ನ ಸುಳ್ಳು, ಎಲ್ಲ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಬಡಿದದ್ದನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ನನ್ನ ಕಡೆ ತಿರುಗಿದಳು.

“ಸುಳ್ಳ್ಯಾಕ ಹೇಳಿದಿ?”

“ನಿನಗ ಅಂಜಿ.”

“ನನಗ್ಯಾಕ ಅಂಜೂದು? ಮೀನು ಕೇಳಿದಾಕಿ ಕಾಶವ್ವ. ನೀ ಯಾಕ ಅಂಜಿದಿ?”

ಇನ್ನು ಮುಚ್ಚುವುದು ಸಾಧ್ಯವಿರಲಿಲ್ಲ. “ಕೊಲ್ಲಾಪುರದಾಗ ನಾನೂ ತಿಂತೇನಿ ಅವ್ವಾ” ಎಂದೆ. “ಅದು ನಿನಗ ಗೊತ್ತಾಕ್ಕೈತಿ ಅಂತ.”

ಅವ್ವ ಸಾಯಲಿಲ್ಲ. ಅರಿವೆಯ ತುದಿಯಿಂದ ರೊಟ್ಟಿ ಹೊರಳಿಸಿದಳು.

“ಅದು ನನಗ ಮೊದಲನೇ ವರ್ಷನ ಗೊತ್ತಿತ್ತು” ಎಂದಳು. “ಸೂಟಿಗೆ ಬಂದಾಗ ನಿನ್ನ ಅಂಗಿ ಒಗದಾಕಿ ಯಾರು? ತೋಳಿನ ತುಂಬ ವಾಸನಿ. ಹರೇದ ಹುಡುಗ, ದೂರ ಅದಾನ, ಉಂಡ್ರ ಉಣ್ಲಿ ಅಂತ ಸುಮ್ನಾಗಿದ್ನಿ. ನಿಮ್ಮಪ್ಪಗೂ ಹೇಳಿಲ್ಲ.”

ಹೊರಗೆ ಅಪ್ಪ ಸಂಗದ ಗುಣವನ್ನು ಹೊಸದಾಗಿ ಬಂದವರಿಗೆ ಮೊದಲಿನಿಂದ ಹೇಳುತ್ತಿದ್ದ.

“ನಿನಗ ಉಣ್ಲಿ ಅಂದಾಕಿ” ಎಂದಳು ಅವ್ವ, ಈಗ ಆಕೆಯ ದನಿ ಒಡೆದಿತ್ತು, “ಆ ಜಡ್ಡಿನಾಕಿಗೆ ಬ್ಯಾಡ ಅಂತಿದ್ನೇನೋ?”

ಕಣ್ಣೊರೆಸಿಕೊಂಡು ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. ಬೆಣ್ಣೆ ಹಾಕಿದಳು. ಆರುತ್ತದೆ, ಉಣ್ಣು ಎಂದಳು. ನನಗೆ ಹಸಿವಾಗಿತ್ತು. ಉಂಡೆ.